ವಿಂಡ್ಸರಿನಲ್ಲಿ ಎರಡು ಲಗ್ನ

ಕಾಗವಾಡ

ಲಗ್ನ ಅಂದರೆ ಎಲ್ಲರ ಕಣ್ಣಿಗೆ ವಧು-ವರರು ಬರುತ್ತಾರೆ. ನನ್ನ ಕಣ್ಣಿಗೆ ಕಂಬಗಳು ಬರುತ್ತವೆ. ಕಾಗವಾಡದಲ್ಲಿ ಮಂಡಪ ಹಾಕುವುದು ನನ್ನ ಉದ್ಯೋಗ. ಅತ್ತ ಮೀರಜ, ಇತ್ತ ಅಥಣಿ, ರಾಯಬಾಗ, ಚಿಕ್ಕೋಡಿಯವರೆಗೆ ನಮ್ಮ ಟೆಂಪೊ ಓಡಾಡುತ್ತದೆ. ಕನ್ನಡದಲ್ಲಿ ಆರ್ಡರ್ ಹಿಡಿಯುತ್ತೇನೆ, ಮರಾಠಿಯಲ್ಲಿ ಬೈಸಿಕೊಳ್ಳುತ್ತೇನೆ. ಕೆಲವೊಮ್ಮೆ ತಿರುವುಮುರುವೂ ಆಗುತ್ತದೆ. ಇಂಥವನು ಲಗ್ನದ ಸೀಸನ್ನಿನ ನಟ್ಟನಡುವೆ ಗೋದಾಮಿನ ಕೀಲಿಯನ್ನು ಹೆಂಡತಿ ಸುಜಾತಾಳ ಕೈಗೆ ಕೊಟ್ಟು ಇಂಗ್ಲೆಂಡಿನ ವಿಮಾನ ಹತ್ತಿದ ಅಂದರೆ ಅದಕ್ಕೂ ಒಂದು ಲಗ್ನವೇ ಕಾರಣ.

ಸ್ನೇಹಲ್ ನನ್ನ ಅಕ್ಕನ ಮಗಳು. ಅವಳಿನ್ನೂ ತೊದಲು ಮಾತಾಡುತ್ತಿದ್ದಾಗ ಭಾವ ತೀರಿಕೊಂಡರು. ಅಕ್ಕ ಕೂಸನ್ನೆತ್ತಿಕೊಂಡು ನಮ್ಮ ಮನೆಗೆ ಬಂದಳು. ನನ್ನ ಗೋದಾಮಿನಲ್ಲಿ ಮಡಚಿಟ್ಟ ಶಾಮಿಯಾನದ ರಾಶಿಯ ಮೇಲಿಂದ ಜಾರಿ ಜಾರಿ ಆಡುತ್ತ ಬೆಳೆದ ಹುಡುಗಿ. ಸಾಂಗಲಿಯಲ್ಲಿ ಫಿಸಿಯೊಥೆರಪಿ ಕಲಿತಳು, ಇಂಗ್ಲೆಂಡಿನ ಸ್ಲೌ ಎಂಬ ಊರಿನ ದವಾಖಾನೆಯಲ್ಲಿ ಕೆಲಸಕ್ಕೆ ಸೇರಿದಳು. ಮೊಣಕಾಲು ಮುರಿದುಕೊಂಡು ಬಂದ ಓವೆನ್ ಎಂಬ ಹುಡುಗನಿಗೆ ಮತ್ತೆ ನಡೆಯಲು ಕಲಿಸಿದಳು. ನಡಿಗೆ ಬಂದ ಮೇಲೂ ಅವನು ಅಲ್ಲಿಗೆ ಬರುವುದನ್ನು ಬಿಡಲಿಲ್ಲ.

ನಮ್ಮ ಬಸದಿಯ ಉಪಾಧ್ಯೆಯವರು ಪಂಚಾಂಗ ನೋಡಿ ಮುಹೂರ್ತ ತೆಗೆದುಕೊಟ್ಟರು. ಸ್ನೇಹಲ್ ಆ ದಿನಕ್ಕೆ ವಿಂಡ್ಸರ್ ಊರಿನ ಎದುರು ದಂಡೆಯಲ್ಲಿ, ನದಿಗೆ ಹತ್ತಿದಂತಿರುವ ಒಂದು ಹಳೇ ಹಾಲ್ ಗೊತ್ತುಮಾಡಿದಳು. ಅದಾಗಿ ಎಷ್ಟೋ ವಾರಗಳ ಮೇಲೆ ಅರಮನೆಯವರು ತಮ್ಮ ರಾಜಕುಮಾರನ ಲಗ್ನದ ದಿನ ಸಾರಿದರು. ಅದೇ ಊರು, ಅದೇ ದಿನ! ಅವರದು ನದಿಯ ಆಚೆ ಕೋಟೆಯೊಳಗೆ, ನಮ್ಮದು ಈಚೆ. ಹಾಲಿನವರು ಸ್ನೇಹಲಳಿಗೆ ಫೋನ್ ಮಾಡಿ, ಜಗತ್ತಿನ ಜನವೆಲ್ಲ ಅವತ್ತು ಇಲ್ಲೇ ಸೇರುತ್ತದೆ, ದಿನ ಬದಲಿಸುತ್ತೀರಾ ಎಂದು ಕೇಳಿದರಂತೆ.

"ನಾವು ಮೊದಲ ಬುಕ್ ಮಾಡೇವಿ ಮಾಮಾ," ಎಂದಳು ನನಗೆ. "ಬೇಕಾದ್ರ ಅವರೇ ತಮ್ಮ ಲಗ್ನ ಮುಂದ ಹಾಕ್ಕೊಳ್ಳಲಿ."

ಈ ಸುದ್ದಿ ಕೇಳಿ ಹಿಗ್ಗಿದವಳು ನನ್ನ ಅವ್ವ. ಎಪ್ಪತ್ತು ದಾಟಿದೆ, ಮೊಣಕಾಲು ನೋವಿದೆ, ಆದರೂ ಲಗ್ನದ ಮಾತು ಬಂತೆಂದರೆ ನೋವು ನೆನಪಾಗುವುದಿಲ್ಲ. "ಧನ್ಯಾ, ರಾಜಾನ ಮನ್ಯಾಗೂ ಪಂಚಾಂಗ ನೋಡೂ ಪದ್ಧತಿ ಐತಿ ಅಂತಾತು," ಎಂದಳು. "ಮುಹೂರ್ತ ಛಲೋ ಐತಿ, ಅದಕ್ಕ ಅವರೂ ಅದನ್ನ ಹಿಡದಾರ." ಓಣಿಯ ಹೆಂಗಸರು ಬಂದು, "ಆಯಿ, ರಾಜಾನ ಲಗ್ನಕ್ಕ ಹೊಂಟೀರಂತಲ್ರಿ?" ಎಂದು ಕೇಳಿದಾಗ ಅವ್ವ ಇಲ್ಲವೆನ್ನಲಿಲ್ಲ. "ಎರಡೂ ನೋಡ್ಕೊಂಡ ಬರ್ತೀವಿ," ಎಂದಳು, ಒಂದೇ ಓಣಿಯಲ್ಲಿ ಎರಡು ಮನೆಯ ಆಮಂತ್ರಣ ಬಂದವರ ಹಾಗೆ.

ಸ್ಲೌ

ಅಕ್ಕ ಒಂದು ತಿಂಗಳು ಮೊದಲೇ ಮಗಳ ಬಳಿ ಹೋಗಿದ್ದಳು. ನಾನೂ ಅವ್ವನೂ ಬಂದಿಳಿದಾಗ ಅವಳು ಆಗಲೇ ಅರ್ಧ ಇಂಗ್ಲಿಷಿನವಳಾಗಿದ್ದಳು. ಬಾಗಿಲು ತೆರೆದವಳೇ "ಸಾರಿ, ಸಾರಿ" ಎಂದಳು, ಯಾತಕ್ಕೆಂದು ಅವಳಿಗೂ ಗೊತ್ತಿರಲಿಲ್ಲ. ಆ ದೇಶದಲ್ಲಿ ಹಾಗೇ. ಬಸ್ಸಿನಲ್ಲಿ ನಾನು ಒಬ್ಬರ ಕಾಲು ತುಳಿದೆ, ಅವರೇ ಸಾರಿ ಎಂದರು. ನಮ್ಮ ಅಥಣಿ ಬಸ್ಸಿನಲ್ಲಿ ಹಾಗೆ ತುಳಿದಿದ್ದರೆ ನನ್ನ ಮೂರು ತಲೆಮಾರಿನ ವಿಚಾರಣೆ ಆಗುತ್ತಿತ್ತು.

ಅವ್ವನಿಗೆ ಎದುರಾದ ಮೊದಲ ತೊಡಕು ಸೂರ್ಯನದು. ನಮ್ಮ ಜೈನರ ಮನೆಯಲ್ಲಿ ಹಿರಿಯರು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಕಾಗವಾಡದಲ್ಲಿ ಅವ್ವ ದೀಪ ಹಚ್ಚುವ ಮೊದಲೇ ತಾಟು ತೊಳೆದಿಟ್ಟು ಕೂಡುತ್ತಾಳೆ. ಇಲ್ಲಿಯೂ ರೂಢಿಯಂತೆ ಸಂಜೆ ಬೇಗ ಉಂಡಳು. ಆದರೆ ಹೊತ್ತು ಮುಳುಗಲಿಲ್ಲ. ಟಿವಿ ನೋಡಿದಳು, ಮುಳುಗಲಿಲ್ಲ. ಅಕ್ಕನೊಂದಿಗೆ ಊರಿನ ಸುದ್ದಿಯೆಲ್ಲ ಮುಗಿಸಿದಳು, ಆಗಲೂ ಕಿಟಕಿಯಲ್ಲಿ ಬಿಸಿಲು.

"ಧನ್ಯಾ, ಹೊತ್ತ ಮುಣಗೇತೇನು?"

"ಇಲ್ಲಬೇ ಅವ್ವಾ, ಇನ್ನೂ ಮ್ಯಾಲ ಐತಿ."

"ಹಂಗಾರ ಇನ್ನೊಂದ್ ಚೂರು ಉಂಡ್ರ ನಡೀತೈತಿ."

ಹೀಗೆ ಅವ್ವ ಅಲ್ಲಿದ್ದಷ್ಟು ದಿನ ಎರಡೆರಡು ಸಲ ರಾತ್ರಿಯೂಟ ಮಾಡಿದಳು, ಎರಡೂ ಹಗಲಿನಲ್ಲೇ. ಇಂಗ್ಲೆಂಡಿನ ಬಗ್ಗೆ ಅವಳಿಗೆ ಒಳ್ಳೆಯ ಅಭಿಪ್ರಾಯ ಬರಲು ಇದೇ ಮೊದಲ ಕಾರಣ.

ಟಿವಿಯಲ್ಲಿ ರಾಜನ ಲಗ್ನ ಬಿಟ್ಟು ಬೇರೇನೂ ಇರಲಿಲ್ಲ. ಒಂದು ಚಾನೆಲ್ಲಿನಲ್ಲಿ ನಾಲ್ವರು ಪಂಡಿತರು ವಧುವಿನ ಸೆರಗು ಎಷ್ಟುದ್ದ ಇರಬಹುದೆಂದು ವಾದ ಮಾಡುತ್ತಿದ್ದರು. ಇನ್ನೊಂದರಲ್ಲಿ ಕೇಕಿಗೆ ಎಂಥ ನಿಂಬೆಹಣ್ಣು ಹಾಕುತ್ತಾರೆ ಎಂಬ ಚರ್ಚೆ. ಮತ್ತೊಂದರಲ್ಲಿ ಸಾರೋಟು ಎಳೆಯುವ ಕುದುರೆಗಳನ್ನು ಒಂದೊಂದಾಗಿ ಹೆಸರು ಹೇಳಿ ಪರಿಚಯಿಸಿದರು. ನಮ್ಮ ಕಡೆ ಬೀಗರನ್ನೂ ಇಷ್ಟು ಮರ್ಯಾದೆಯಿಂದ ಪರಿಚಯಿಸುವುದಿಲ್ಲ. ಅವ್ವನಿಗೆ ಒಂದಕ್ಷರ ಇಂಗ್ಲಿಷ್ ಬಾರದು. ಆದರೆ ಅವಳು ಕೇಳುತ್ತಿದ್ದ ಪ್ರಶ್ನೆಗಳು ಎಲ್ಲ ಚಾನೆಲ್ಲಿನವರೂ ಕೇಳುತ್ತಿದ್ದ ಪ್ರಶ್ನೆಗಳೇ. ಊಟಕ್ಕ ಏನ್ ಮಾಡಸ್ಯಾರ? ಎಷ್ಟ ಮಂದಿಗೆ ಹೇಳ್ಯಾರ? ಹುಡುಗಿ ಕಡಿಂದ ಯಾರ್ಯಾರ ಬರ್ತಾರ?

ನದಿ ದಂಡೆಯ ಹಾಲ್

ಲಗ್ನದ ಹಿಂದಿನ ದಿನ ಮಂಡಪ ಹಾಕಲು ಹೋದೆ. ಸ್ನೇಹಲ್ ಬೇಡವೆಂದಿದ್ದಳು. ಇಲ್ಲಿ ಕಾಗದಕ್ಕೆ ಸಹಿ ಮಾಡಿಸುವ ರಿಜಿಸ್ಟ್ರಾರ್ ಬಾಯಿ, ಅಂದರೆ ಆ ಸರಕಾರಿ ಹೆಂಗಸೇ ಮುಖ್ಯ, ಅದಾದ ಮೇಲೆ ಅಂತರಪಟ ಹಿಡಿದು ನಾಲ್ಕು ಅಕ್ಷತೆ ಹಾಕಿದರೆ ಸಾಕು ಎಂದಿದ್ದಳು. ಆದರೆ ಊರವರ ಮಕ್ಕಳಿಗೆಲ್ಲ ಮಂಡಪ ಹಾಕಿದ ನನ್ನ ಕೈ ನಮ್ಮ ಹುಡುಗಿಗೆ ಹಾಕದೆ ಇರುವುದು ಹೇಗೆ? ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಹೆಚ್ಚು ಹಗ್ಗ ತಂದಿದ್ದೆ. ವಿಮಾನ ನಿಲ್ದಾಣದಲ್ಲಿ ಅದನ್ನು ಬಿಚ್ಚಿಸಿ ನೋಡಿದ ಅಧಿಕಾರಿ ನನ್ನನ್ನೂ ಅಷ್ಟೇ ಹೊತ್ತು ನೋಡಿದ್ದ.

ಹಗ್ಗವಿತ್ತು, ಕಂಬಗಳಿರಲಿಲ್ಲ. ಕಂಬ ತಂದವನು ಓವೆನ್‌ನ ಅಪ್ಪ ಗ್ಲಿನ್. ವೇಲ್ಸ್ ಎಂಬ ಗುಡ್ಡದ ನಾಡಿನಲ್ಲಿ ಕುರಿ ಸಾಕುವ ರೈತ. ಅಂಗೈ ನೋಡಿದರೆ ನಮ್ಮ ಕಡೆ ಕಬ್ಬು ಕಡಿಯುವವರ ಅಂಗೈ. ತನ್ನ ಹೊಲದ ಅಂಚಿನಲ್ಲಿ ಬೆಳೆದ ನಾಲ್ಕು ಮರದ ಬಡಿಗೆಗಳನ್ನು ಜೀಪಿನ ಮೇಲೆ ಕಟ್ಟಿಕೊಂಡು ಬಂದಿದ್ದ. ಅವನ ಇಂಗ್ಲಿಷ್ ನನಗೆ ತಿಳಿಯಲಿಲ್ಲ, ನನ್ನದು ಅವನಿಗೆ ತಿಳಿಯಲಿಲ್ಲ. ನಾನು ಒಂದು ಗಂಟು ಹಾಕಿದೆ. ಅವನು ಅದನ್ನು ಎಳೆದು ನೋಡಿ ತಲೆ ಆಡಿಸಿ, ಪಕ್ಕದಲ್ಲೇ ತನ್ನ ಕಡೆಯ ಗಂಟು ಹಾಕಿ ತೋರಿಸಿದ. ಕುರಿದೊಡ್ಡಿಯ ಬೇಲಿಗೆ ಹಾಕುವ ಗಂಟಂತೆ. ನಾನು ಎಳೆದು ನೋಡಿದೆ, ಅಲ್ಲಾಡಲಿಲ್ಲ. ಆಮೇಲೆ ಎರಡು ಕಂಬಕ್ಕೆ ಕಾಗವಾಡದ ಗಂಟು, ಎರಡಕ್ಕೆ ವೇಲ್ಸಿನದು ಎಂದು ಹಂಚಿಕೊಂಡೆವು. ಮೇಲೆ ಅವ್ವನ ಹಳೇ ಇಳಕಲ್ ಸೀರೆಗಳನ್ನು ಹೊದಿಸಿದೆವು. ಮಾವಿನ ತೋರಣದ ಬದಲಿಗೆ ಗ್ಲಿನ್ ನದಿಯಂಚಿನ ಮರದಿಂದ ಉದ್ದೆಲೆಯ ಕೊಂಬೆಗಳನ್ನು ಕಡಿದುಕೊಟ್ಟ.

ಅವತ್ತೇ ಮರುದಿನದ ಕೆಲಸಗಳೂ ಹಂಚಿಕೆಯಾದವು. ಸೋದರಮಾವ ವಧುವನ್ನು ಮಂಡಪಕ್ಕೆ ಕರೆತಂದು ಹಿಂದೆ ನಿಲ್ಲಬೇಕು, ಅದು ನಾನು. ಉಪಾಧ್ಯೆಯವರು ಇಲ್ಲದ್ದರಿಂದ ಮಂಗಲಾಷ್ಟಕ ಹಾಡುವವಳು ಅವ್ವ. ಅಕ್ಷತೆಯ ಡಬ್ಬಿಯೂ ಅಂತರಪಟದ ಬಟ್ಟೆಯೂ ಅವಳ ಚೀಲದಲ್ಲೇ. ಲಗ್ನ ಮಧ್ಯಾಹ್ನದ ಮೇಲೆ. ರಿಜಿಸ್ಟ್ರಾರ್ ಬಾಯಿ ನಮ್ಮದು ಮುಗಿಸಿ ಬೇರೆ ಊರಿನ ಲಗ್ನಕ್ಕೆ ಹೋಗಬೇಕಿತ್ತು, ಹೀಗಾಗಿ ತಡಮಾಡುವ ಹಾಗಿರಲಿಲ್ಲ.

"ಮುಂಜಾನಿ ಏನ್ ಕೆಲಸ ಐತಿ ನಮಗ?" ಎಂದು ಅವ್ವ ಕೇಳಿದಳು. "ಹೊಳಿ ದಾಟಿ ಹೋಗಿ ರಾಜಾನ ಲಗ್ನಾ ನೋಡ್ಕೊಂಡ, ಹಂಗ ಹೊಳ್ಳಿ ಬರೂಣು."

ಅಕ್ಕ ಬೇಡವೆಂದಳು. ಅವ್ವ ಕೇಳಲಿಲ್ಲ. ಸಾರೋಟು ಹೋದ ಮೇಲೂ ನಮ್ಮ ಮುಹೂರ್ತಕ್ಕೆ ಸಾಕಷ್ಟು ಹೊತ್ತಿದೆ ಎಂದು ನಾನೂ ಲೆಕ್ಕ ಹಾಕಿದೆ. ನಮ್ಮೂರಲ್ಲಿ ಮೆರವಣಿಗೆ ಮುಂದೆ ಹೋದ ಕೂಡಲೇ ರಸ್ತೆ ಎಲ್ಲರದು. ಅಲ್ಲಿಯೂ ಹಾಗೆಯೇ ಎಂದುಕೊಂಡದ್ದು ನನ್ನ ತಪ್ಪು.

ವಿಂಡ್ಸರ್, ಮುಂಜಾನೆ

ನಾನು ಕೇಸರಿ ಫೇಟಾ ಸುತ್ತಿ, ಬಿಳಿ ನೆಹರು ಅಂಗಿ ಹಾಕಿ ಸೋದರಮಾವನ ವೇಷದಲ್ಲೇ ಹೊರಟೆ. ಅವ್ವ ಹೊಸ ಇಳಕಲ್ ಸೀರೆ, ಮೂಗಿನಲ್ಲಿ ನತ್ತು. ಸೇತುವೆ ದಾಟಿದ ಕೂಡಲೇ ಪೊಲೀಸರು ಚೀಲ ತಪಾಸು ಮಾಡುತ್ತಿದ್ದರು. ಒಬ್ಬ ಎಳೆಯ ವಯಸ್ಸಿನ ಪೊಲೀಸ್ ಹೆಣ್ಣುಮಗಳು ಅವ್ವನ ಚೀಲದಿಂದ ಸ್ಟೀಲ್ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಹಳದಿ ಅಕ್ಕಿ.

"ತಿನ್ನಲಿಕ್ಕಾ?" ಎಂದು ಕೇಳಿದಳು.

"ತಲೆಯ ಮೇಲೆ ಹಾಕಲಿಕ್ಕೆ," ಎಂದೆ.

ಅವಳು ಗಾಬರಿಯಾಗುತ್ತಾಳೆ ಅಂದುಕೊಂಡೆ. "ಓ, ನಮ್ಮಜ್ಜಿಯ ಕಾಲಕ್ಕೆ ನಾವೂ ಹಾಕುತ್ತಿದ್ದೆವು," ಎಂದು ನಕ್ಕು ಡಬ್ಬಿ ಮುಚ್ಚಿ ಅವ್ವನ ಕೈಗೇ ಕೊಟ್ಟಳು.

ಊರ ತುಂಬ ಬಣ್ಣದ ತ್ರಿಕೋನ ಪತಾಕೆಗಳು. ಅಂಗಡಿಗಳಲ್ಲಿ ಕಪ್ಪು, ತಟ್ಟೆ, ಛತ್ರಿ, ಕಾಲುಚೀಲ, ಎಲ್ಲದರ ಮೇಲೂ ವಧು-ವರರ ಮುಖ. ಅವ್ವ ಒಂದು ಅಂಗಡಿಯ ಮುಂದೆ ನಿಂತೇ ಬಿಟ್ಟಳು. ಪಾತ್ರೆ ಒರೆಸುವ ಬಟ್ಟೆಯ ಮೇಲೆ ಇಬ್ಬರೂ ನಗುತ್ತಿದ್ದರು.

"ಅಯ್ಯಯ್ಯ! ಮದಿಮಕ್ಕಳ ಮಾರೀಲೆ ತಾಟ ಒರಸ್ತಾರೇನು?"

ಅಷ್ಟರಲ್ಲಿ ಎದುರಿನಿಂದ ರಾಜಕುಮಾರನ ಮುಖವಾಡ ಹಾಕಿಕೊಂಡ ಏಳೆಂಟು ಜನ ಆಲೂ ಚಿಪ್ಸ್ ತಿನ್ನುತ್ತ ಬಂದರು. ಅವ್ವ ನನ್ನ ತೋಳು ಹಿಡಿದಳು. "ಇದರಾಗ ಖರೇ ಮದಿಮಗ ಯಾವಾಂವ?"

ಸಾರೋಟು ಬರುವ ರಸ್ತೆಯ ಎರಡೂ ಬದಿ ಕಬ್ಬಿಣದ ಬ್ಯಾರಿಕೇಡ್ ಹಾಕಿದ್ದರು. ಕೆಲಸ ಅಚ್ಚುಕಟ್ಟು, ಒಂದು ಕಾಲೂ ಅಲ್ಲಾಡುವುದಿಲ್ಲ; ನಾನು ಮುಟ್ಟಿ ನೋಡಿದೆ. ಆಚೆ ಬದಿಗೆ ನೆರಳಿತ್ತು, ಜಾಗವೂ ಕಂಡಿತು. ಜನ ದಾಟಲೆಂದು ಬಿಟ್ಟಿದ್ದ ಸಂದಿನಿಂದ ರಸ್ತೆ ದಾಟಿ ಅಲ್ಲಿಗೆ ಹೋದೆವು. ಸೇತುವೆ ಮಾತ್ರ ಈಚೆ ಉಳಿಯಿತು.

ಮುಂದಿನ ಸಾಲಿನಲ್ಲಿ ದೇಶದ ಬಾವುಟವನ್ನೇ ಉಡುಪು ಮಾಡಿ ಹೊಲಿಸಿಕೊಂಡ ದಪ್ಪನೆಯ ಹೆಂಗಸೊಬ್ಬಳು ಮಡಚುವ ಕುರ್ಚಿ, ಹಾಸಿಗೆ, ಚಹಾದ ಥರ್ಮಾಸು ಇಟ್ಟುಕೊಂಡು ಸಂಸಾರ ಹೂಡಿದ್ದಳು. ಹೆಸರು ಪ್ಯಾಟ್. ರಾಜರ ಮನೆಯ ಯಾವ ಲಗ್ನವನ್ನೂ ಅವಳು ಬಿಟ್ಟಿಲ್ಲವಂತೆ. ಫುಟ್‌ಪಾತಿನಲ್ಲೇ ಮಲಗಿ ಮುಂದಿನ ಜಾಗ ಹಿಡಿಯುತ್ತಾಳೆ. ಗಂಡ ಮೊದಲೆರಡು ಲಗ್ನಕ್ಕೆ ಜೊತೆ ಬಂದು ಆಮೇಲೆ ಸೊಂಟನೋವೆಂದು ಮನೆಯಲ್ಲೇ ಟಿವಿ ನೋಡತೊಡಗಿದನಂತೆ. ಅವ್ವನ ನತ್ತು ನೋಡಿ ಎದ್ದು ತನ್ನ ಕುರ್ಚಿ ಕೊಟ್ಟಳು. ಅವ್ವ ಚೀಲದಿಂದ ಶೇಂಗಾ ಹೋಳಿಗೆ ತೆಗೆದುಕೊಟ್ಟಳು. ಅಲ್ಲಿಂದ ಇಬ್ಬರ ಮಾತು ಶುರುವಾಯಿತು, ಇವಳದು ಕನ್ನಡ, ಅವಳದು ಇಂಗ್ಲಿಷ್. ನಾನು ಅರ್ಥ ಹೇಳಲು ಹೋದರೆ ಇಬ್ಬರೂ ಕೈ ಮಾಡಿ ನನ್ನನ್ನು ತಡೆದರು.

"ಪ್ಯಾಟವ್ವನ ಸ್ವಸಿನೂ ಅಡಗಿ ಮಾಡಾಂಗಿಲ್ಲಂತ," ಎಂದು ಸ್ವಲ್ಪ ಹೊತ್ತಿನ ಮೇಲೆ ಅವ್ವ ನನಗೆ ತಿಳಿಸಿದಳು.

ಬ್ಯಾರಿಕೇಡಿನ ಬದಿ

ಮೈಕು ಹಿಡಿದವರು ಜನರಿಗಿಂತ ಹೆಚ್ಚಿದ್ದರೋ ಏನೋ. ಜಪಾನಿನವರು, ಅಮೆರಿಕದವರು, ಎಲ್ಲಿಯವರೋ. ಮದುಮಗಳು ಇನ್ನೂ ಬಂದಿರಲಿಲ್ಲವಾದ್ದರಿಂದ ಕಂಡಕಂಡವರನ್ನು ಮಾತಾಡಿಸುತ್ತಿದ್ದರು. ಒಂದು ನಾಯಿ ಸೂಟು ಹಾಕಿಕೊಂಡು ಬಂದಿತ್ತು, ಅದರ ಮುಂದೆ ಮೂರು ಕ್ಯಾಮೆರಾ. ನಾಯಿಯದು ಮುಗಿದ ಮೇಲೆ ಆ ಕ್ಯಾಮೆರಾದವರ ಕಣ್ಣು ನನ್ನ ಫೇಟಾದ ಮೇಲೆ ಬಿತ್ತು.

"ಸರ್, ತಾವು ಯಾವ ರಾಜಮನೆತನದವರು?" ಎಂದು ಒಬ್ಬ ಹುಡುಗಿ ಮೈಕು ಚಾಚಿದಳು.

"ನೋ ಕಿಂಗ್," ಎಂದೆ. "ಐ ಮಂಡಪ. ವೆಡ್ಡಿಂಗ್ ಮಂಡಪ. ಮೈ ಬಿಸಿನೆಸ್."

"ಹಾಗಾದರೆ ಇವತ್ತಿನ ಲಗ್ನಕ್ಕೂ ನಿಮ್ಮದೇ ಮಂಡಪವೇ?"

ನನಗೆ ಸ್ನೇಹಲಳ ಲಗ್ನವೇ ತಲೆಯಲ್ಲಿತ್ತು. "ಯೆಸ್ ಯೆಸ್! ಟುಡೇ ಆಲ್ಸೋ! ಯೆಸ್ಟರ್ಡೇ ಫಿಟ್ಟಿಂಗ್!" ಎಂದೆ. ಅವಳು ಗಟ್ಟಿಯಾಗಿ ನಕ್ಕು, ಅವ್ವನಿಗೆ ಕೈ ಮುಗಿದು ಮುಂದೆ ಹೋದಳು.

ಒಂದೆರಡು ತಾಸಿನ ಮೇಲೆ ಸುಜಾತಾಳ ಫೋನು ಬಂತು.

"ಏನ್ರೀ, ಅರಮನಿ ಆರ್ಡರ್ ಹಿಡದದ್ದು ನನಗೂ ಹೇಳಲಿಲ್ಲಲ್ಲ ನೀವು?"

"ಯಾವ ಅರಮನಿ?"

"ಟಿವ್ಯಾಗ ಬಂದೀರಿ. ಮರಾಠಿ ಚಾನೆಲ್‌ನಾಗೂ ತೋರ್ಸಾಕತ್ತಾರ. ಮೊಬೈಲ್ ತುಂಬ ಅದ, ರಾಜಾನ ಲಗ್ನಕ್ಕ ಕಾಗವಾಡದ ಮಂಡಪ ಅಂತ. ನಿಪ್ಪಾಣಿಯಿಂದ ಫೋನು, ಅಥಣಿಯಿಂದ ಫೋನು. ಇಲ್ಲೇ ಬಾಜೂಕಿನ ಅನಂತಪುರದವರೊಬ್ಬರು ಬಂದು ಗೋದಾಮಿನ ಮುಂದ ಕುಂತಾರ. ಮಗನ ಲಗ್ನಕ್ಕ ರಾಜಾಗ ಹಾಕಿದ ಮಂಡಪನ ಬೇಕಂತ. ಏನ್ ಹೇಳ್ಲಿ?"

"ಸುಳ್ಳೈತಿ ಅಂತ ಹೇಳು."

"ಹೇಳ್ನಿ. ನಂಬವಲ್ಲರು. ದೊಡ್ಡವರು ಹಂಗ ಸಣ್ಣಾಗಿ ಮಾತಾಡ್ತಾರ ಅಂತಾರ."

ಫೋನು ಕಿವಿಯಲ್ಲಿರುವಾಗಲೇ ಕೋಟೆಯ ಕಡೆಯಿಂದ ಗಂಟೆ ಬಾರಿಸತೊಡಗಿತು. ಜನವೆಲ್ಲ ಕೇಕೆ ಹಾಕಿತು. ಒಳಗೆ ಲಗ್ನ ಮುಗಿದಿತ್ತು. ಇನ್ನು ಸಾರೋಟು ಹೊರಡುವುದೊಂದೇ ಬಾಕಿ. ಅವ್ವ ಕುರ್ಚಿಯಲ್ಲಿ ನೆಟ್ಟಗೆ ಕೂತು ಸೆರಗು ಸರಿಮಾಡಿಕೊಂಡಳು, ತನ್ನನ್ನೇ ಯಾರೋ ನೋಡಲು ಬರುತ್ತಾರೆ ಎಂಬಂತೆ.

ಅದೇ ಹೊತ್ತಿಗೆ ಪೊಲೀಸರು ಧ್ವನಿವರ್ಧಕದಲ್ಲಿ ಏನೋ ಹೇಳತೊಡಗಿದರು. ನನಗೆ ಅರ್ಧ ತಿಳಿಯಿತು, ಉಳಿದರ್ಧವನ್ನು ಪ್ಯಾಟ್ ನಿಧಾನವಾಗಿ ಹೇಳಿದಳು. ರಸ್ತೆ ದಾಟುವ ಸಂದು ಮುಚ್ಚುತ್ತಿದ್ದಾರೆ. ಸಾರೋಟು ಹೋದ ಮೇಲೂ ತೆರೆಯುವುದಿಲ್ಲ. ನಮ್ಮ ಬದಿಯ ಜನರನ್ನೆಲ್ಲ ಕೋಟೆಯ ಹಿಂದಿನ ದೊಡ್ಡ ಬಯಲಿನ ಕಡೆಗೆ ಕಳಿಸುತ್ತಾರೆ. ಸೇತುವೆಯ ಕಡೆ ಹೋಗುವ ದಾರಿ ಸಂಜೆಗೇ.

ನದಿಯಾಚೆ ಅಂತರಪಟವಿಲ್ಲ, ಅಕ್ಷತೆಯಿಲ್ಲ, ಸೋದರಮಾವನಿಲ್ಲ, ಹಾಡುವವಳಿಲ್ಲ. ಅಪ್ಪನಿಲ್ಲದ ಹುಡುಗಿಯ ಹಿಂದೆ ನಿಲ್ಲಲು ನಾನೊಬ್ಬನಿದ್ದೆ, ನಾನು ಇಲ್ಲಿ ಯಾರದೋ ಸಾರೋಟು ಕಾಯುತ್ತ ನಿಂತಿದ್ದೆ. ಆದರೆ ಅವ್ವನಿಗೆ ಹೇಗೆ ಹೇಳಲಿ? ತಿಂಗಳುಗಟ್ಟಲೆ ಓಣಿಯ ತುಂಬ ಹೇಳಿಕೊಂಡು ಬಂದಿದ್ದಾಳೆ. ಬೆಳಗಿನಿಂದ ನೀರೂ ಕುಡಿಯದೆ ಕೂತಿದ್ದಾಳೆ. ಇನ್ನೊಂದು ಸ್ವಲ್ಪ ಹೊತ್ತು ಕೂತರೆ ಹೊಸ ರಾಣಿ ಕಣ್ಣೆದುರೇ ಹೋಗುತ್ತಾಳೆ.

"ಏನಂತಾನ ಅಂವಾ?" ಎಂದಳು ಅವ್ವ.

ಹೇಳಿದೆ.

ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. ಚೀಲ ಎತ್ತಿ ಹೆಗಲಿಗೆ ಹಾಕಿಕೊಂಡು ಎದ್ದಳು. "ನಡಿ ಮತ್ತ. ಏನ್ ನೋಡ್ಕೊಂತ ನಿಂತಿ?"

ಹಿಂದೆ ಜನ ಗೋಡೆಯಂತೆ ನಿಂತಿತ್ತು. ನನ್ನೊಬ್ಬನಿಗೇ ದಾರಿ ಸಿಗುವಂತಿರಲಿಲ್ಲ, ಅವ್ವನನ್ನು ಕರೆದುಕೊಂಡು ಹೋಗುವುದು ದೂರದ ಮಾತು. ಪ್ಯಾಟ್‌ಳಿಗೆ ನನಗೆ ಬಂದ ಮಾತುಗಳಲ್ಲಿ ಹೇಳಿದೆ: ಬ್ರಿಡ್ಜ್, ಗ್ರ್ಯಾಂಡ್ ಡಾಟರ್, ವೆಡ್ಡಿಂಗ್, ನೌ. ಅವಳು ಒಮ್ಮೆ ರಸ್ತೆಯ ಕಡೆ ನೋಡಿದಳು, ಒಮ್ಮೆ ಅವ್ವನನ್ನು ನೋಡಿದಳು. ರಾತ್ರಿಯೆಲ್ಲ ಫುಟ್‌ಪಾತಿನಲ್ಲಿ ಮಲಗಿ ಹಿಡಿದ ಜಾಗ ಅವಳದು. ಕುರ್ಚಿಯನ್ನು ಪಕ್ಕದವರಿಗೆ ತೋರಿಸಿ ಏನೋ ಗದರಿದಳು. ಬಾವುಟದ ಕೋಲನ್ನು ಮೇಲೆತ್ತಿ ಜನರೊಳಗೆ ನುಗ್ಗಿದಳು.

"ದಾರಿ ಬಿಡಿ! ಅಜ್ಜಿ ಲಗ್ನಕ್ಕೆ ಹೊರಟಿದ್ದಾಳೆ! ಅವಳ ಸ್ವಂತ ಮೊಮ್ಮಗಳ ಲಗ್ನ!"

ಅಂಥ ಗಂಟಲು ನಾನು ನಮ್ಮ ಕಡೆ ಹರಾಜು ಕೂಗುವವರಲ್ಲೂ ಕೇಳಿಲ್ಲ. ಜನ ಒತ್ತರಿಸಿಕೊಂಡು ಸರಿದರು. ಯಾರೋ ಅವ್ವನ ಮೊಣಕೈ ಹಿಡಿದರು, ಯಾರೋ ಮಕ್ಕಳ ಗಾಡಿ ಎತ್ತಿ ಹಿಡಿದು ದಾರಿ ಮಾಡಿದರು. ಸಂದಿನ ಬಳಿ ಬಂದಾಗ ಬ್ಯಾರಿಕೇಡಿಗೆ ಕೊಂಡಿ ಬಿದ್ದಿತ್ತು. ಕಾವಲಿದ್ದವಳು ಬೆಳಿಗ್ಗೆ ಅಕ್ಷತೆ ನೋಡಿದ ಅದೇ ಪೊಲೀಸ್ ಹುಡುಗಿ.

"ಸಾಧ್ಯವಿಲ್ಲ, ಮುಚ್ಚಿಯಾಗಿದೆ," ಎಂದಳು.

ಅವ್ವ ಬ್ಯಾರಿಕೇಡಿನ ಮೇಲೆ ಕೈಯಿಟ್ಟು ಅವಳ ಮುಖವನ್ನೇ ನೋಡುತ್ತ, "ತಂಗಿ, ನಮ್ಮ ಹುಡುಗಿ ಆ ದಂಡ್ಯಾಗ ದಾರಿ ಕಾಯಾಕತ್ತಾಳ. ಒಂದೀಟ ಬಿಡವ್ವ," ಎಂದಳು, ಕಾಗವಾಡದ ಕನ್ನಡದಲ್ಲೇ.

ಪೊಲೀಸ್ ಹುಡುಗಿ ಏನು ತಿಳಿದುಕೊಂಡಳೋ, ಭುಜದ ರೇಡಿಯೊಗೆ ಬಾಯಿಯಿಟ್ಟು ಮಾತಾಡಿದಳು. ಆ ಕಡೆಯಿಂದ ಉತ್ತರ ಬರುವವರೆಗೆ ಅವ್ವ ಬ್ಯಾರಿಕೇಡಿನಿಂದ ಕೈ ತೆಗೆಯಲಿಲ್ಲ. ಆಮೇಲೆ ಅವಳು ಕೊಂಡಿ ತೆಗೆದಳು.

"ಬೇಗ, ನನ್ನ ಜೊತೆ," ಎಂದಳು.

ಪ್ಯಾಟ್ ಅವ್ವನ ಕೆನ್ನೆಗೊಂದು ಮುತ್ತು ಕೊಟ್ಟು, ಬಂದ ದಾರಿಯಲ್ಲೇ ತನ್ನ ಕುರ್ಚಿಯ ಕಡೆ ಓಡಿದಳು.

ಸೇತುವೆ

ರಸ್ತೆ ಗುಡಿಸಿ ಖಾಲಿ ಬಿಟ್ಟಿದ್ದರು. ಎರಡೂ ಬದಿ ಸಾವಿರಾರು ಜನ, ಕೈಯಲ್ಲಿ ಬಾವುಟ, ನ್ಯಾಯವಾಗಿ ರಾಜಕುಮಾರ ಬರಬೇಕಾದ ಹಾದಿ. ಅದರ ನಡುವೆ ಮುಂದೆ ಪೊಲೀಸ್ ಹುಡುಗಿ, ನಡುವೆ ಇಳಕಲ್ ಸೀರೆಯ ಅವ್ವ, ಹಿಂದೆ ಫೇಟಾ ಸುತ್ತಿಕೊಂಡು ನಾನು. ಅಡ್ಡ ದಾಟಿದರೆ ಆಯಿತೆಂದುಕೊಂಡಿದ್ದೆ. ಎದುರಿನ ಸಂದು ಇನ್ನೂ ಸ್ವಲ್ಪ ಮುಂದಿತ್ತು, ಹೀಗಾಗಿ ರಸ್ತೆಯುದ್ದಕ್ಕೂ ನಡೆಯಬೇಕಾಯಿತು.

ಬೆಳಗಿನಿಂದ ಕಾದು ಕಾದು ಬೇಸತ್ತ ಜನ ಮೊದಲು ಸುಮ್ಮನೆ ನೋಡಿತು. ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು. ಆಮೇಲೆ ಸಾಲಿಗೆ ಸಾಲೇ ಬಾವುಟ ಬೀಸಿ ಕೂಗತೊಡಗಿತು.

"ಯಾಕ ಒದರಾಕತ್ತಾರ? ರಾಜಾ ಬಂದ್ನೇನು?" ಎಂದು ಅವ್ವ ಹಿಂದೆ ನೋಡಿದಳು.

"ಇಲ್ಲಬೇ, ನಿನಗ ಒದರಾಕತ್ತಾರ."

ಅವ್ವ ಈ ಬದಿ ನೋಡಿದಳು, ಆ ಬದಿ ನೋಡಿದಳು. ಆಮೇಲೆ ಸೆರಗು ತಲೆಯ ಮೇಲೆ ಎಳೆದುಕೊಂಡು ಎರಡೂ ಕೈ ಜೋಡಿಸಿ ಇತ್ತ ಒಮ್ಮೆ ಅತ್ತ ಒಮ್ಮೆ ನಮಸ್ಕಾರ ಮಾಡುತ್ತ ನಡೆದಳು. ಬೇಗ ಬೇಗ ಎಂದು ಪೊಲೀಸ್ ಹುಡುಗಿ ಹೇಳುತ್ತಲೇ ಇದ್ದಳು. ಅಷ್ಟು ಹೊತ್ತು ಓಡುತ್ತಿದ್ದ ಅವ್ವ ಅಲ್ಲಿ ಮಾತ್ರ ನಡಿಗೆ ನಿಧಾನ ಮಾಡಿದ್ದನ್ನು ನಾನು ಹಿಂದಿನಿಂದ ನೋಡಿದೆ. ಎದುರು ಸಂದು ಸೇರಿದಾಗ ಅವಳ ಮುಖ ಕೆಂಪಗಾಗಿತ್ತು. "ಛಲೋ ಮಂದಿ," ಎಂದಳು.

ಅಲ್ಲಿಂದ ಇಳಿಜಾರು ಹಾದಿ. ಸೇತುವೆಯ ಮೇಲೆ ಬಂದಾಗ ಹಿಂದಿನಿಂದ ಭೋರ್ಗರೆತ ಕೇಳಿತು, ಅಲ್ಲಿಯವರೆಗೆ ಕೇಳದಷ್ಟು ದೊಡ್ಡದು. ಸಾರೋಟು ಬಂದಿತ್ತು. ನಾನು ತಿರುಗಿ ನಿಂತೆ. ಮನೆಗಳ ಮಾಳಿಗೆ, ಅದರ ಮೇಲೆ ಕೋಟೆಯ ಗೋಪುರ, ಅಷ್ಟೇ ಕಾಣುತ್ತಿತ್ತು. ಮುಂದೆ ನೋಡಿದರೆ ಅವ್ವ ಆಗಲೇ ಸೇತುವೆಯ ಆ ತುದಿಗಿದ್ದಳು.

ಮತ್ತೆ ಹಾಲ್

ಗೇಟಿನ ಹೊರಗೇ ಅಕ್ಕ ನಿಂತಿದ್ದಳು. ನಮ್ಮನ್ನು ಕಂಡವಳೇ ಬೈಯಲು ಬಾಯಿ ತೆರೆದು, ಅಳಲಾರಂಭಿಸಿದಳು. ಕಾಗದದ ಕೆಲಸ ಆಗಷ್ಟೇ ಶುರುವಾಗಬೇಕಿತ್ತು. ಸ್ನೇಹಲ್ "ನಮ್ಮ ಮಾಮಾ ಬರಲಿ" ಎಂದು ಸಹಿ ಮಾಡದೆ ಕೂತಿದ್ದಳಂತೆ, ರಿಜಿಸ್ಟ್ರಾರ್ ಬಾಯಿ ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದಳಂತೆ. ಸಹಿಗಳಾದವು. ಆ ಬಾಯಿ ಚೀಲ ಎತ್ತಿಕೊಂಡು ಹೊರಟವಳು ಅವ್ವ ಅಂತರಪಟ ಬಿಚ್ಚುವುದನ್ನು ಕಂಡು ಬಾಗಿಲಲ್ಲೇ ನಿಂತಳು.

ಹಸಿರು ಬಳೆ ತುಂಬಿದ ಸ್ನೇಹಲಳ ಕೈ ಹಿಡಿದು ಮಂಡಪಕ್ಕೆ ಕರೆತಂದೆ. ಅಂತರಪಟದ ಆಚೆ ಓವೆನ್ ನಿಂತ; ಅದರ ಒಂದು ತುದಿ ಅಕ್ಕ ಹಿಡಿದಳು, ಇನ್ನೊಂದು ತುದಿ ಗ್ಲಿನ್. ನಾನು ಸ್ನೇಹಲಳ ಹಿಂದೆ ನಿಂತೆ. ಅವಳು ತಿರುಗಿ ನೋಡಲಿಲ್ಲ.

"ಹಿಂದ ನಿಂತಿ ಮಾಮಾ?" ಎಂದಳು ಮೆಲ್ಲಗೆ.

"ನಿಂತೇನೆವ್ವಾ."

ಎಷ್ಟು ಲಗ್ನಗಳಲ್ಲಿ ಕಂಬದ ಹಿಂದೆ ನಿಂತು ಅಂತರಪಟ ಸರಿಯುವುದನ್ನು ನೋಡಿದ್ದೇನೆ! ಪ್ರತಿ ಸಲವೂ ನನ್ನ ಕಣ್ಣು ಮೇಲಿನ ಬಟ್ಟೆ ಜೋಲುತ್ತದೆಯೇ, ಹಗ್ಗ ಸಡಿಲಾಗಿದೆಯೇ ಎಂದು ಹುಡುಕುತ್ತಿರುತ್ತದೆ. ಅವತ್ತು ಮಂಡಪ ಹೇಗಿತ್ತೋ ನನಗೆ ಗೊತ್ತಿಲ್ಲ. ನೋಡಲಿಲ್ಲ.

ಅವ್ವ ಮಂಗಲಾಷ್ಟಕ ಎತ್ತಿಕೊಂಡಳು. ಓಡಿ ಬಂದಿದ್ದರಿಂದ ಮೊದಲ ಸಾಲಿನಲ್ಲಿ ಉಸಿರು ಸಾಲಲಿಲ್ಲ, ಎರಡನೆಯದರಲ್ಲಿ ದನಿ ಕೂಡಿತು. ಪ್ರತಿ ಶ್ಲೋಕದ ಕೊನೆಗೆ ನಾವು ಮೂವರೂ "ಸಾವಧಾನ" ಎಂದು ಕೂಗಿ ಅಕ್ಷತೆ ಹಾಕಿದೆವು. ವೇಲ್ಸಿನವರು ಹುಟ್ಟಾ ಹಾಡುಗಾರರೆಂದು ಕೇಳಿದ್ದೆ. ಮೂರನೆಯ ಶ್ಲೋಕಕ್ಕೆ ಅವರಿಗೆ ರಾಗ ಸಿಕ್ಕಿತು. ಮಾತು ಗೊತ್ತಿಲ್ಲದೆ ಬರೀ ರಾಗದಲ್ಲಿ, ಕೆಳಗಿನ ದನಿಯಲ್ಲಿ, ಓವೆನ್‌ನ ಮಾವಂದಿರು ಅತ್ತೆಯಂದಿರೆಲ್ಲ ಅವ್ವನ ಹಿಂದೆ ಹಾಡಿದರು. "ಸಾವಧಾನ" ಬಂದಾಗ ಮಾತ್ರ ಕಿಟಕಿಯ ಗಾಜು ಅದುರುವಂತೆ ಕೂಗಿದರು. ಅವ್ವ ಒಂದು ಗಳಿಗೆ ಬೆಚ್ಚಿ ನಿಂತು, ಇನ್ನೂ ಎತ್ತರಕ್ಕೆ ಹಾಡಿದಳು. ಎಂಟು ಮುಗಿದ ಮೇಲೆ ನಿಲ್ಲಿಸಬೇಕಿತ್ತು. ಅವರಿಗೆ ಹಿಡಿಸಿದೆಯೆಂದು ಮೊದಲಿನದನ್ನೇ ಇನ್ನೊಮ್ಮೆ ಹಾಡಿದಳು.

ಮತ್ತೆ ಕಾಗವಾಡ

ಮೀರಜ ಸ್ಟೇಷನ್ನಿನಿಂದ ಊರಿಗೆ ಬರುವಾಗ ದಾರಿಗಳು ಕೂಡುವ ನಾಕಾದಲ್ಲಿ ದೊಡ್ಡ ಫ್ಲೆಕ್ಸ್ ಕಂಡಿತು. ಒಂದು ಬದಿ ಫೇಟಾ ಸುತ್ತಿದ ನಾನು, ಇನ್ನೊಂದು ಬದಿ ಕೋಟೆ, ಕೆಳಗೆ ಓಣಿಯ ಹುಡುಗರೆಲ್ಲರ ಫೋಟೊ. ಅನಂತಪುರದವರಿಗೆ ನಾನು ಎದುರು ಕೂರಿಸಿಕೊಂಡು ನಡೆದದ್ದನ್ನೆಲ್ಲ ಹೇಳಿದೆ. ರಾಜರ ಲಗ್ನಕ್ಕೆ ಮಂಡಪವೇ ಇರಲಿಲ್ಲ, ನಾನು ಹಾಕಿದ್ದು ನಾಲ್ಕು ಬಡಿಗೆಯದು, ಮೇಲೆ ನಮ್ಮವ್ವನ ಹಳೇ ಸೀರೆ. ಅವರು ಗಂಭೀರವಾಗಿ ಕೇಳಿಸಿಕೊಂಡು, "ಅದ ಇರ್ಲಿ ಬಿಡ್ರಿ. ಎರಡು ಕಂಬಕ್ಕ ಆ ಕುರಿಯವರ ಗಂಟ ಹಾಕ್ತೀರಲ್ಲ?" ಎಂದರು. ಹಾಕುತ್ತೇನೆಂದು ಒಪ್ಪಿದೆ.

ಅವ್ವನ ಪಡಸಾಲೆಯಲ್ಲಿ ಓಣಿಯ ಹೆಂಗಸರು ಕಿಕ್ಕಿರಿದಿದ್ದರು. ನಾನು ಬಾಗಿಲ ಬಳಿ ನಿಂತು ಕೇಳುತ್ತಿದ್ದೆ. ಅವ್ವ ಏನು ಹೇಳುತ್ತಾಳೋ ಎಂಬ ಅಳುಕು ನನಗಿತ್ತು. ನೋಡಲೆಂದು ಹೋದದ್ದನ್ನು ಅವಳು ನೋಡಲೇ ಇಲ್ಲವಲ್ಲ.

"ರಾಣಿ ಹೆಂಗಿದ್ಲರಿ ಆಯಿ?" ಎಂದಳು ಪಕ್ಕದ ಮನೆಯ ಸೊಸೆ.

"ಭಾಳ ಚಂದ ಇದ್ಲು," ಎಂದಳು ಅವ್ವ. "ಅಂತರಪಟ ಸರದ ಕೂಡ್ಲೆ ಮೊದಲ ನಕ್ಕಳು. ಆಮ್ಯಾಲ ಅತ್ತಳು. ಕೈತುಂಬ ಹಸರ ಬಳಿ. ನೋಡಾಕ ಎರಡು ಕಣ್ಣ ಸಾಲಂಗಿಲ್ಲ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಒಬ್ಬಳು ತಡೆಯಲಾರದೆ ಕೇಳಿಯೇ ಬಿಟ್ಟಳು: "ಆಯಿ, ಇಂಗ್ಲೆಂಡ್ ರಾಣೀಗೆ ಹಸರ ಬಳಿ ಯಾರ ಇಡಿಸಿದ್ರರಿ?"

"ಮತ್ಯಾರ ಇಡಸ್ತಾರ?" ಎಂದಳು ಅವ್ವ. "ನಾನ ಇಡಿಸ್ನಿ."